ತಂತಿರಹಿತ ಮೈಕು: ಕಲಾವಿದರಿಗೂ ನುಡಿಗೂ ಹೊಂದುವ ಆಯ್ಕೆ

ಜನಪದ ಕಲಾಪ್ರದರ್ಶನವೊಂದನ್ನು ಏರ್ಪಡಿಸುವಾಗ ಕಲಾವಿದರ ಪ್ರಯಾಣ, ಊಟ, ವಸತಿಗಳ ಕುರಿತು ನಾವು ವಾರಗಟ್ಟಲೆ ಚರ್ಚಿಸುತ್ತೇವೆ. ಮೈಕಿನ ವಿಷಯವನ್ನು ಮಾತ್ರ ಬಾಡಿಗೆಗೆ ಕೊಡುವವರಿಗೆ ಬಿಟ್ಟುಬಿಡುತ್ತೇವೆ. ಭಾಷೆಯನ್ನು ಅಧ್ಯಯನ ಮಾಡುವವರಿಗೆ ಇದು ತಕ್ಕ ಪದ್ಧತಿಯಲ್ಲ. ನೀಲಗಿರಿಯ ಬಡಗ ನುಡಿಯನ್ನೇ ನೋಡಿ. ಕನ್ನಡಕ್ಕೆ ಅತಿ ಸಮೀಪದ ಈ ನುಡಿಯ ಸ್ವರಗಳ ಮೇಲೆ ಎಂ. ಬಿ. ಎಮಿನೊ 1939ರಲ್ಲಿ ಬರೆದ ಪ್ರಬಂಧ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ ಮೂರ್ಧನ್ಯ ಸ್ವರಗಳು ಅದರಲ್ಲಿವೆಯೆಂದೂ, ಆ ಮಡಿಕೆಯಲ್ಲಿ ಅರೆ ಮತ್ತು ಪೂರ್ಣ ಎಂಬ ಎರಡು ಹಂತಗಳಿವೆಯೆಂದೂ ಅವರು ತೋರಿಸಿದರು. ವ್ಯಂಜನಗಳಲ್ಲಿ ಮಾತ್ರ ಮೂರ್ಧನ್ಯವನ್ನು ಬಲ್ಲ ನಮ್ಮ ಕಿವಿಗೆ ಇದು ಸೂಕ್ಷ್ಮವಾದ ಭೇದ. ಇಂದಿನ ಅನೇಕ ಭಾಷಿಕರಲ್ಲಿ ಅದು ಮಸುಕಾಗಿದೆ. ಉಳಿದವರ ಬಾಯಿಯಿಂದ ಬಂದದ್ದನ್ನು ಮೈಕು ನುಂಗಿಬಿಟ್ಟರೆ ಕೇಳುಗನಿಗೂ ದಾಖಲೆಗೂ ಅದು ಇಲ್ಲವಾದಂತೆಯೇ.

ಒಂದು ಮಾತು ಪದಗಳ ಬಗ್ಗೆ. ಮರಾಠಿ, ಕನ್ನಡ ಎರಡರಲ್ಲೂ ಶಾಲೆ ಕಲಿತ ನನಗೆ ಅಲ್ಲಿಯ ‘ಧ್ವನಿಕ್ಷೇಪಕ’ವೂ ಇಲ್ಲಿಯ ‘ಧ್ವನಿವರ್ಧಕ’ವೂ ಪರಿಚಿತ. ಒಂದು ಎಸೆಯುವುದನ್ನು ಹೇಳುತ್ತದೆ, ಇನ್ನೊಂದು ಹೆಚ್ಚಿಸುವುದನ್ನು. ಮೈಕು ಇವೆರಡನ್ನೂ ಮಾಡುವುದಿಲ್ಲ. ಅದು ಧ್ವನಿಯನ್ನು ಗ್ರಹಿಸುತ್ತದೆ, ಅಷ್ಟೆ. ತಂತಿರಹಿತ ವ್ಯವಸ್ಥೆಯಲ್ಲಿ ಮೈಕು ಗ್ರಹಿಸಿದ್ದನ್ನು ಸೊಂಟದಲ್ಲಿ ಸಿಕ್ಕಿಸಿದ ಅಥವಾ ಹಿಡಿಯೊಳಗೇ ಅಡಗಿದ ಟ್ರಾನ್ಸ್‌ಮಿಟರು ರೇಡಿಯೊ ಅಲೆಯಾಗಿ ಕಳುಹಿಸುತ್ತದೆ. ದೂರದಲ್ಲಿರುವ ರಿಸೀವರು ಅದನ್ನು ಮತ್ತೆ ಧ್ವನಿಸಂಕೇತವಾಗಿ ಮಾರ್ಪಡಿಸುತ್ತದೆ. ಹೊಂದಾಣಿಕೆಯ ಪ್ರಶ್ನೆ ಈ ಕೊಂಡಿಗಳಲ್ಲಿದೆ.

ಒಂದು ಕಂಪನಿಯ ಟ್ರಾನ್ಸ್‌ಮಿಟರನ್ನು ಇನ್ನೊಂದು ಕಂಪನಿಯ ರಿಸೀವರಿಗೆ ಜೋಡಿಸಬಹುದೆಂಬ ಆಸೆಯನ್ನು ಮೊದಲೇ ಬಿಡುವುದು ಲೇಸು. ಡಿಜಿಟಲ್ ಮೈಕುಗಳಲ್ಲಿ ಸಂಕೇತದ ಭಾಷೆಯೇ ಕಂಪನಿಗೊಂದು ಬಗೆ. ಹಳೆಯ ಅನಲಾಗ್ ಮೈಕುಗಳು ಒಂದೇ ಆವರ್ತನದಲ್ಲಿದ್ದರೆ ಧ್ವನಿ ಬರಬಹುದು. ಆದರೆ ಅವು ಧ್ವನಿಯ ಏರಿಳಿತವನ್ನು ಕಳುಹಿಸುವಾಗ ಕುಗ್ಗಿಸಿ, ಪಡೆದಾಗ ಹಿಗ್ಗಿಸುತ್ತವೆ. ಕುಗ್ಗಿಸಿದ ಪ್ರಮಾಣಕ್ಕೆ ಸರಿಯಾಗಿ ಹಿಗ್ಗಿಸದಿದ್ದರೆ ಮಾತು ಉಸಿರುಗಟ್ಟಿದಂತೆ ಕೇಳುತ್ತದೆ. ಕಿವಿಗೆ ಸಿಕ್ಕಿಸುವ ಮೈಕಿನ ತುದಿಯೂ ಒಂದೇ ಬಗೆಯದಲ್ಲ: ಶೂರ್ ಕಂಪನಿಯ ಸೊಂಟದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಪಿನ್ನಿನ ಸಣ್ಣ ಜೋಡಣೆಯಿದ್ದರೆ, ಸೆನ್‌ಹೈಸರಿನ ಹಲವು ಮಾದರಿಗಳಲ್ಲಿ ತಿರುಚಿ ಬಿಗಿಯುವ 3.5 ಮಿಲಿಮೀಟರಿನ ಜಾಕ್ ಇರುತ್ತದೆ.

ಮೈಕುಗಳು ತಮ್ಮತಮ್ಮಲ್ಲಿಯೂ ಹೊಂದಬೇಕು. ಒಂದು ಆವರ್ತನದಲ್ಲಿ ಎರಡು ಅನಲಾಗ್ ಮೈಕು ನಡೆಯುವುದಿಲ್ಲವೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಬೇರೆ ಬೇರೆ ಆವರ್ತನ ಕೊಟ್ಟ ಮಾತ್ರಕ್ಕೆ ತೊಂದರೆ ತಪ್ಪಿತೆಂದಲ್ಲ. ಎರಡು ಟ್ರಾನ್ಸ್‌ಮಿಟರುಗಳು ಹತ್ತಿರವಿದ್ದಾಗ ಅವುಗಳ ಅಲೆಗಳು ಬೆರೆತು ಹೊಸ ಅಲೆಗಳು ಹುಟ್ಟುತ್ತವೆ. ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆದರೆ ಬರುವ ಸ್ಥಾನದಲ್ಲಿ ಅವು ಪ್ರಬಲವಾಗಿರುತ್ತವೆ. ಮೊದಲ ಗಾಯಕನಿಗೆ 510.0, ಎರಡನೆಯವನಿಗೆ 510.8 ಮೆಗಾಹರ್ಟ್ಜ್ ಕೊಟ್ಟಿದ್ದೀರಿ ಎನ್ನೋಣ. 510.8ರ ಎರಡರಷ್ಟು 1021.6, ಅದರಲ್ಲಿ 510.0 ಕಳೆದರೆ 511.6. ಅಂತರ ಸಮವಾಗಿರಲೆಂದು ಮೂರನೆಯವನಿಗೆ 511.6 ಕೊಟ್ಟರೆ ಅವನ ಮೈಕಿನಲ್ಲಿ ಕರಕರ ಶಬ್ದ ಬರುವುದಕ್ಕೆ ನಾವೇ ದಾರಿ ಮಾಡಿದಂತಾಯಿತು. ಛಂದಸ್ಸಿನಲ್ಲಿ ಸಮಗಣಗಳು ಚೆಂದ. ಇಲ್ಲಿ ವಿಷಮ ಅಂತರವೇ ಬೇಕು. ಕಂಪನಿಗಳು ಒಂದಕ್ಕೊಂದು ಹೊಂದುವ ಆವರ್ತನಗಳನ್ನು ಲೆಕ್ಕ ಮಾಡಿ ಗುಂಪುಗಳಾಗಿ ಕೊಟ್ಟಿರುತ್ತವೆ. ಎಲ್ಲ ಮೈಕುಗಳನ್ನೂ ಒಂದೇ ಗುಂಪಿನ ಬೇರೆ ಬೇರೆ ಚಾನಲ್ಲುಗಳಲ್ಲಿ ಇಟ್ಟರೆ ಸಾಕು. ಎರಡು ಕಡೆಯಿಂದ ಬಾಡಿಗೆಗೆ ತಂದು ಬೆರೆಸಿದಾಗಲೇ ಈ ಲೆಕ್ಕ ತಪ್ಪುವುದು.

ಇನ್ನು ಆಕಾಶದ ಮಾತು. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಜ್ ಪಟ್ಟಿಯನ್ನು ರಿಲಯನ್ಸ್ ಜಿಯೊ ಪಡೆಯಿತು. ಆ ಪಟ್ಟಿಯ ಹಳೆಯ ಮೈಕುಗಳು ಅಗ್ಗವಾಗಿ ದೊರೆತರೂ ಬೇಡ. ಅಮೆರಿಕದಲ್ಲಿ ಅಂಥವುಗಳ ಬಳಕೆ 2010ರ ಜೂನ್ 12ಕ್ಕೇ ನಿಂತಿತು. 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ನಮ್ಮ ದೇಶದಲ್ಲಿ 2005ರಿಂದ ಪರವಾನಗಿ ಬೇಕಿಲ್ಲ. ಆದರೆ ವೈಫೈ, ಬ್ಲೂಟೂತುಗಳೂ ಅಲ್ಲಿಯೇ ಇವೆ. ಮೇಲಾಗಿ ಮನುಷ್ಯಶರೀರ ಆ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ತರಗತಿಯ ಕೊಠಡಿಗೆ ಅದು ಸಾಕು, ಜಾತ್ರೆಗೆ ಸಾಲದು. ಉಳಿದ ಪಟ್ಟಿಗಳ ಉಪಕರಣ ಕೊಳ್ಳುವಾಗ ದೂರಸಂಪರ್ಕ ಇಲಾಖೆಯ ಅನುಮೋದನೆಯನ್ನು ಕೇಳಿ ತಿಳಿಯಬೇಕು.

ಈಗ ಕಲಾವಿದನ ಬಳಿಗೆ ಬರೋಣ. ಉದಕಮಂಡಲದ ಸಮೀಪದ ನಂಜನಾಡಿನಂತಹ ಬಡಗರ ಹಟ್ಟಿಯಲ್ಲಿ ಕುಣಿತ ನಡೆಯುವುದು ಬಯಲಿನಲ್ಲಿ, ವರ್ತುಲವಾಗಿ. ಕುಣಿಯುವವರು ತಿರುಗುತ್ತಾರೆ, ಸುತ್ತ ಜನ ನಿಂತಿರುತ್ತಾರೆ. ಕೈಯಲ್ಲಿ ಹಿಡಿಯುವ ಮೈಕು ಅಲ್ಲಿ ನಿರುಪಯುಕ್ತ. ಕೊರಳಪಟ್ಟಿಗೆ ಸಿಕ್ಕಿಸುವ ಮೈಕಿಗೆ ಬಿಳಿಯ ಹೊದಿಕೆ ಉಜ್ಜಿ ಸರಸರ ಸದ್ದು ಬರುತ್ತದೆ. ಅದಕ್ಕಿಂತ ಗಂಭೀರವಾದ ದೋಷ ಇನ್ನೊಂದಿದೆ. ಎದೆಯ ಮೇಲಿನ ಮೈಕು ಗಲ್ಲದ ನೆರಳಿನಲ್ಲಿರುವುದರಿಂದ 2000ದಿಂದ 4000 ಹರ್ಟ್ಜ್‌ವರೆಗಿನ ಭಾಗ ಅದಕ್ಕೆ ಕ್ಷೀಣವಾಗಿ ತಲಪುತ್ತದೆ. ಮಾತಿನ ಸ್ಪಷ್ಟತೆ ಬಹಳಮಟ್ಟಿಗೆ ನಿಂತಿರುವುದು ಆ ಭಾಗದ ಮೇಲೆಯೇ. ಮೂರ್ಧನ್ಯ ಸ್ವರದ ಗುರುತೂ ಅಲ್ಲಿದೆ: ನಾಲಗೆ ಮಡಿಸಿದಾಗ, ಸಾಮಾನ್ಯವಾಗಿ 2500 ಹರ್ಟ್ಜ್ ಆಸುಪಾಸಿನಲ್ಲಿರುವ ಸ್ವರದ ಮೂರನೆಯ ಅನುರಣನ ಕೆಳಗಿಳಿಯುತ್ತದೆ. ಆದ್ದರಿಂದ ಮುಖ್ಯ ಗಾಯಕನಿಗೆ ಕೆನ್ನೆಯ ಪಕ್ಕ ನಿಲ್ಲುವ, ಕಿವಿಗೆ ಸಿಕ್ಕಿಸುವ ಮೈಕೇ ಸರಿ. ಪೇಟದ ಅಂಚು ಅದನ್ನು ಒತ್ತದಂತೆ, ತುದಿ ಬಾಯಿಯ ನೇರಕ್ಕೆ ಬರದೆ ತುಸು ಬದಿಗಿರುವಂತೆ ನೋಡಬೇಕು. ಇಲ್ಲವಾದರೆ ಪಕಾರ, ಫಕಾರಗಳು ಗಾಳಿಯ ಹೊಡೆತವಾಗುತ್ತವೆ.

ಎರಡು ಆಂಟೆನಾಗಳಿರುವ, ಪ್ರಬಲವಾದುದನ್ನು ತಾನೇ ಆರಿಸಿಕೊಳ್ಳುವ ರಿಸೀವರನ್ನೇ ಕೇಳಿ. ಅದನ್ನು ಮೇಜಿನ ಕೆಳಗಿಡದೆ, ಗುಂಪಿನ ತಲೆಗಳಿಗಿಂತ ಎತ್ತರದಲ್ಲಿ, ಕುಣಿತದ ಕಣ ಕಾಣುವಂತೆ ಇರಿಸಬೇಕು. ಜನ ಸೇರುವ ಮೊದಲು ಮಾಡಿದ ಪರೀಕ್ಷೆಯನ್ನು ಪೂರ್ತಿಯಾಗಿ ನಂಬಬಾರದು; ಎಲ್ಲ ಮೈಕುಗಳನ್ನೂ ಒಟ್ಟಿಗೆ ಚಾಲೂ ಮಾಡಿ, ಒಬ್ಬ ವಿದ್ಯಾರ್ಥಿ ಮಾತನಾಡುತ್ತ ಕಣವನ್ನು ಪೂರ್ತಿ ಸುತ್ತಲಿ, ಇನ್ನೊಬ್ಬ ರಿಸೀವರಿನ ಬಳಿ ಕಿವಿಗೊಟ್ಟು ಕೂರಲಿ. ನೀಲಗಿರಿಯ ಡಿಸೆಂಬರಿನ ಚಳಿಯಲ್ಲಿ ಸಾಧಾರಣ ಬ್ಯಾಟರಿಗಳು ಬೇಗ ಸೋಲುತ್ತವೆ. ಹೊಸದಾದ ಒಂದು ಜೊತೆಯನ್ನು ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಂಡು, ಹಾಡುಗಳ ನಡುವಿನ ಬಿಡುವಿನಲ್ಲಿ ಬದಲಿಸಬೇಕು.