ವೈದ್ಯಕೀಯ ವೆಚ್ಚದ ಸುಳ್ಳು ಕ್ಲೇಮು: ದಂಡವನ್ನು ಹೆಚ್ಚಿಸುವ ಅಂಶಗಳು ಹಾಗೂ ಗ್ರಾಮ ಪಂಚಾಯತ್ ಸದಸ್ಯರ ಪಾತ್ರ

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ಜನರು ಉನ್ನತ ಚಿಕಿತ್ಸೆಗಾಗಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಅಥವಾ ಕಾರವಾರಕ್ಕೆ ತೆರಳುತ್ತಾರೆ. ದೂರದ ಆಸ್ಪತ್ರೆಯಲ್ಲಿ ತಮ್ಮ ಹೆಸರಿನಲ್ಲಿ ಯಾವ ಚಿಕಿತ್ಸೆಗೆ ಎಷ್ಟು ಮೊತ್ತದ ಕ್ಲೇಮು ಸಲ್ಲಿಕೆಯಾಗಿದೆ ಎಂಬುದು ಅನೇಕ ಕುಟುಂಬಗಳಿಗೆ ತಿಳಿಯುವುದಿಲ್ಲ. ಆದ್ದರಿಂದ ಈ ಕುರಿತ ನಿಯಮಗಳನ್ನು ಸದಸ್ಯರು ಅರಿತಿರುವುದು ಅವಶ್ಯಕ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಜಾರಿಗೊಂಡಿದೆ. ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಸುಳ್ಳು ಕ್ಲೇಮಿನಿಂದ ಸರ್ಕಾರದ ಹಣವಷ್ಟೇ ಪೋಲಾಗುವುದಿಲ್ಲ. ಆ ಕುಟುಂಬಕ್ಕೆ ಉಳಿದಿರುವ ಮಿತಿಯೂ ಕರಗುತ್ತದೆ.

ಮೂಲ ದಂಡಗಳು

ಆಯುಷ್ಮಾನ್ ಭಾರತ್ ಯೋಜನೆಗಾಗಿ 2018ರಲ್ಲಿ ಹೊರಡಿಸಲಾದ ರಾಷ್ಟ್ರೀಯ ಮಾರ್ಗಸೂಚಿಯು ಆಸ್ಪತ್ರೆಗಳಿಗೆ ಸೂಚಿಸಿದ ದಂಡಗಳು ಇಂತಿವೆ:

1. ನೀಡದ ಚಿಕಿತ್ಸೆಗೆ ಕ್ಲೇಮು ಸಲ್ಲಿಸಿದರೆ ಅಥವಾ ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರನ್ನು ತೋರಿಸಿದರೆ: ಕ್ಲೇಮು ತಿರಸ್ಕಾರ ಮತ್ತು ಮೊತ್ತದ 3 ಪಟ್ಟು ದಂಡ, ಎರಡನೆಯ ಬಾರಿ 8 ಪಟ್ಟು.
2. ನೀಡಿದ ಚಿಕಿತ್ಸೆಗಿಂತ ದುಬಾರಿ ಚಿಕಿತ್ಸೆಯನ್ನು ನಮೂದಿಸಿದರೆ, ಒಂದೇ ಪ್ಯಾಕೇಜನ್ನು ಬಿಡಿಬಿಡಿಯಾಗಿ ತೋರಿಸಿದರೆ ಅಥವಾ ಅನಗತ್ಯ ಚಿಕಿತ್ಸೆ ನೀಡಿದರೆ: ಹೆಚ್ಚುವರಿ ಮೊತ್ತದ 8 ಪಟ್ಟು, ಎರಡನೆಯ ಬಾರಿ 16 ಪಟ್ಟು.
3. ಉಚಿತ ಚಿಕಿತ್ಸೆಗೆ ಅರ್ಹರಾದ ರೋಗಿಯಿಂದ ಹಣ ಪಡೆದರೆ: ಪೂರ್ಣ ಹಣ ವಾಪಸಾತಿ ಮತ್ತು ಅದರ 3 ಪಟ್ಟು ಪರಿಹಾರ, ಎರಡನೆಯ ಬಾರಿ ಇದರೊಂದಿಗೆ ಕ್ಲೇಮು ತಿರಸ್ಕಾರ.

ಮೂರನೆಯ ಬಾರಿ ತಪ್ಪು ಸಾಬೀತಾದರೆ ಆಸ್ಪತ್ರೆಯನ್ನು ಯೋಜನೆಯ ನೋಂದಣಿಯಿಂದಲೇ ಕೈಬಿಡಬಹುದು.

ದಂಡವನ್ನು ಹೆಚ್ಚಿಸುವ ಅಂಶಗಳು

ಮೇಲಿನ ಪ್ರಮಾಣಗಳು ಶಿಫಾರಸಿನ ಸ್ವರೂಪದವು. ತಪ್ಪಿನ ತೀವ್ರತೆ, ಪುನರಾವರ್ತನೆ, ವ್ಯಾಪ್ತಿ ಮತ್ತು ಉದ್ದೇಶವನ್ನು ಪರಿಗಣಿಸಿ, ಲಿಖಿತ ಕಾರಣಗಳೊಂದಿಗೆ ದಂಡವನ್ನು ಹೆಚ್ಚಿಸಲು ಅಥವಾ ಇಳಿಸಲು ರಾಜ್ಯದ ಅನುಷ್ಠಾನ ಸಂಸ್ಥೆಗೆ ಅಧಿಕಾರವಿದೆ. ಬರವಣಿಗೆಯ ಒಂದು ತಪ್ಪನ್ನೂ ಉದ್ದೇಶಪೂರ್ವಕವಾಗಿ ಸೃಷ್ಟಿಸಿದ ದಾಖಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ವ್ಯಾಪ್ತಿ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಮಹಾಲೇಖಪಾಲರ 2023ರ ವರದಿ ನಿದರ್ಶನ: ಮೃತಪಟ್ಟಿದ್ದಾರೆಂದು ಈಗಾಗಲೇ ದಾಖಲಾಗಿದ್ದ 3,446 ರೋಗಿಗಳ ಹೆಸರಿನಲ್ಲಿ ದೇಶದಾದ್ಯಂತ 6.97 ಕೋಟಿ ರೂ. ಪಾವತಿಯಾಗಿತ್ತು.

ವಂಚನೆಯ ಉದ್ದೇಶ ಸಾಬೀತಾದರೆ ವಿಷಯವು ದಂಡಕ್ಕೆ ಸೀಮಿತವಾಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 318(4)ರಡಿ ವಂಚಿಸಿ ಹಣ ಪಡೆಯುವುದಕ್ಕೂ, ಕಲಂ 336(3)ರಡಿ ವಂಚನೆಗಾಗಿ ದಾಖಲೆ ನಕಲಿ ಮಾಡುವುದಕ್ಕೂ 7 ವರ್ಷಗಳವರೆಗೆ ಕಾರಾವಾಸ ಮತ್ತು ಜುಲ್ಮಾನೆ ವಿಧಿಸಬಹುದಾಗಿದೆ.

ಸದಸ್ಯರು ಗಮನಿಸಬೇಕಾದುದು

ಪುನರಾವರ್ತನೆಯು ದಾಖಲೆಯಿಂದ ಮಾತ್ರ ಸಾಬೀತಾಗುತ್ತದೆ. ರೋಗಿಯಿಂದ ಪಡೆದ ಹಣವನ್ನು ಮಧ್ಯಸ್ಥಿಕೆಯಿಂದ ಸದ್ದಿಲ್ಲದೆ ಹಿಂದಿರುಗಿಸಿ ಪ್ರಕರಣವನ್ನು ಮುಗಿಸಿದರೆ, ಮುಂದಿನ ತಪ್ಪು ಕಾಗದದ ಮೇಲೆ ಮತ್ತೆ ಮೊದಲನೆಯದಾಗಿಯೇ ಉಳಿಯುತ್ತದೆ. ಆದ್ದರಿಂದ ಹಣ ಮರಳಿ ದೊರೆತಿದ್ದರೂ ಲಿಖಿತ ದೂರು ದಾಖಲಿಸುವುದು ಅಗತ್ಯ.

ದೂರಿನೊಂದಿಗೆ ಬಿಡುಗಡೆ ಪತ್ರ, ರಸೀದಿ, ಮೊಬೈಲ್ ಸಂದೇಶ ಹಾಗೂ ಚಿಕಿತ್ಸೆಯ ದಿನಾಂಕಗಳನ್ನು ಲಗತ್ತಿಸಬೇಕು. ದೂರನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಗೆ, ಸಹಾಯವಾಣಿ 14555ಕ್ಕೆ ಅಥವಾ ಜಿಲ್ಲಾ ಕುಂದುಕೊರತೆ ನಿವಾರಣಾ ಸಮಿತಿಗೆ ಸಲ್ಲಿಸಬಹುದು. ಎಪಿಎಲ್ ರೋಗಿಯು ತನ್ನ ಪಾಲಿನ ಹಣ ಪಾವತಿಸುವುದು ನಿಯಮಬದ್ಧವಾದುದರಿಂದ, ದೂರಿಗೆ ಮೊದಲು ಕಾರ್ಡಿನ ವರ್ಗವನ್ನು ಪರಿಶೀಲಿಸಬೇಕು. ತಪ್ಪಿತಸ್ಥರು ಯಾರೆಂದು ನಿರ್ಣಯಿಸುವುದು ಪಂಚಾಯತಿಯ ಕೆಲಸವಲ್ಲ. ಸಾಕ್ಷ್ಯವನ್ನು ಜೋಪಾನಮಾಡಿ ತಲುಪಿಸುವುದು ಅದರ ಹೊಣೆ.

ಕಾರ್ಡನ್ನು ಬೇರೆಯವರಿಗೆ ಎರವಲು ಕೊಡಬಾರದು, ಖಾಲಿ ನಮೂನೆಗೆ ಸಹಿ ಅಥವಾ ಹೆಬ್ಬೆಟ್ಟು ಒತ್ತಬಾರದು ಎಂಬುದನ್ನು ಗ್ರಾಮಸಭೆಗಳಲ್ಲಿಯೂ, ಆಶಾ ಕಾರ್ಯಕರ್ತೆಯರ ಮೂಲಕ ದೂರದ ಮಜರೆಗಳಲ್ಲಿಯೂ ತಿಳಿಸಲು ಸದಸ್ಯರನ್ನು ಕೋರಲಾಗಿದೆ.