ರ ಗ ಸ ದ ಅ

ಹೆಗ್ಗಡದೇವನಕೋಟೆ ಕಡೆಯ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಗೆ ಕಾಲಿಟ್ಟರೆ ಮೊದಲು ತಲೆಗೆ ತಾಗುವುದು ಬಣ್ಣದ ಕಾಗದ. ಗೋಡೆಯಿಂದ ಗೋಡೆಗೆ ಬಿಗಿದ ತಂತಿಗಳಲ್ಲಿ ಮಕ್ಕಳೇ ಕತ್ತರಿಸಿದ ಮೀನು, ಎಲೆ, ಸೂರ್ಯ ತೂಗಾಡುತ್ತಿವೆ. ಇದಕ್ಕೆ ಇಲ್ಲಿ ಚಪ್ಪರ ಅನ್ನುತ್ತಾರೆ. ಚಪ್ಪರದಡಿ ಗುಂಪುಗುಂಪಾಗಿ ಕೂತ ಮಕ್ಕಳ ಗಿಜಿಗಿಜಿ, ಬಳಪದ ಪುಡಿಯ ವಾಸನೆ, ಅಡುಗೆಕೋಣೆಯಿಂದ ತೇಲಿಬರುವ ಸಾರಿನ ಒಗ್ಗರಣೆ. ಗೋಡೆಯ ಬುಡದಲ್ಲಿ, ಕೂತ ಮಗುವಿನ ಕೈಗೆಟಕುವಷ್ಟೇ ಎತ್ತರಕ್ಕೆ, ಕಪ್ಪು ಬಳಿದ ಚೌಕಗಳು.

ಅಂಥದೊಂದು ಚೌಕದ ಮುಂದೆ ಮಂಡಿಯೂರಿದ ಹುಡುಗಿ ಬರೆಯುತ್ತಿರುವುದು ‘ಅ ಆ’ ಅಲ್ಲ, ‘ರ’. ಮರಳಿನಲ್ಲಿ ಬೆರಳಾಡಿಸಿ ತಿದ್ದಿದ್ದನ್ನೇ ಈಗ ಸೀಮೆಸುಣ್ಣದಲ್ಲಿ ದುಂಡಗೆ ಸುತ್ತಿ, ಉಸಿರು ಹಿಡಿದು ತಲಕಟ್ಟು ಎಳೆಯುತ್ತಾಳೆ. ಕೈಯ ಜೊತೆಗೆ ಬಾಯಿಯೂ ‘ರ... ರ...’ ಅನ್ನುತ್ತಿದೆ. ಆಮೇಲೆ ಗ, ಸ, ದ, ಅ. ಈ ಐದೇ ಅಕ್ಷರಗಳಲ್ಲಿ ಸರ, ರಸ, ಅಗಸ, ಅರಸ, ಗರಗಸ, ಮೈಸೂರು ಸೀಮೆಯ ಮಕ್ಕಳಿಗೆ ಹಿಗ್ಗು ತರುವ ದಸರ! ನಲವತ್ತೊಂಬತ್ತು ಅಕ್ಷರ ಬಾಯಿಪಾಠವಾಗುವ ತನಕ ಓದುವ ಸುಖಕ್ಕೆ ಕಾಯಬೇಕಾಗಿಲ್ಲ. ಮಗುವಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ?

ಗೋಡೆಯ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನ ಚಿತ್ರ ನೋಡಿಕೊಂಡು, ಅದೇ ಚಿತ್ರದ ಕಾರ್ಡನ್ನು ಮಗು ತಾನೇ ಹುಡುಕಿ ತರುತ್ತದೆ. ನಲಿ-ಕಲಿ ಎಂಬ ಈ ಕಲಿಕೆಯ ಪದ್ಧತಿ ಮೊಳೆತದ್ದು ಇದೇ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ಕಣ್ಣಾರೆ ಕಂಡುಬಂದ ಇಲ್ಲಿನ ಮೇಷ್ಟ್ರುಗಳು, ಯುನಿಸೆಫ್ ನೆರವಿನಲ್ಲಿ, 1995ರಲ್ಲಿ ಶುರುಮಾಡಿದ ಕೆಲಸ. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಪುಟ್ಟ ತರಗತಿಗಳಿಗೆಲ್ಲ ಹಬ್ಬಿತು.

ಅತ್ತ ಇನ್ನೊಂದು ಗುಂಪು ಜ, ವ, ಮ, ಬ, ನ ತಲುಪಿದೆ. ‘ತುಟಿ ಮೇಲೆ ಬೆರಳಿಡಿ, ಈಗ ಬ ಅನ್ನಿ’ ಎನ್ನುತ್ತಾರೆ ಮಿಸ್. ತುಟಿ ಕೂಡಿ ಬಿಡುವುದು ಬೆರಳಿಗೇ ತಿಳಿದು ಮಕ್ಕಳು ಕಿಲಕಿಲ ನಗುತ್ತಾರೆ. ‘ಮ’ಗೂ ತುಟಿ ಕೂಡುತ್ತದೆ, ‘ನ’ಗೆ ಇಲ್ಲ, ಅದನ್ನು ಹೇಳಿಕೊಡದೆಯೇ ಒಬ್ಬಳು ಕಂಡುಹಿಡಿದಳು. ಮರ, ವನ, ಜನ ದಾಟಿ ಒಬ್ಬ ಹುಡುಗ ಕಾರ್ಡಿನ ಮೇಲೆ ಬೆರಳು ಸರಿಸುತ್ತ ‘ಬ... ಸ... ವ’ ಎಂದು ಕೂಡಿಸಿದವನೇ, ‘ಮಿಸ್, ಬಸವ! ನಮ್ಮನೆ ಎತ್ತಿನ ಹೆಸರು!’ ಎಂದು ಕೂಗಿ, ಅವರು ತಲೆ ಸವರುವಷ್ಟರಲ್ಲಿ ಮುಂದಿನ ಕಾರ್ಡಿಗೆ ಓಡಿದ.