ಮಾವನ ಜೊತೆ ಕಿದ್ವಾಯಿಗೆ

“ದೊಡ್ಡದೆಂತ ಇಲ್ಲ ಮಾರಾಯ, ಎಲೆಗೆ ಸುಣ್ಣ ಜಾಸ್ತಿಯಾಗಿ ಸುಟ್ಟದ್ದು” ಎಂದು ಮಾವ ಕೆನ್ನೆಯೊಳಗಿನ ಹುಣ್ಣನ್ನು ಆರು ತಿಂಗಳು ತಳ್ಳಿಕೊಂಡು ಬಂದರು. ಬಿ.ಸಿ.ರೋಡಿನಲ್ಲಿ ಆಟೋ ಓಡಿಸುವ ಅವರಿಗೆ ಹೊಗೆಸೊಪ್ಪು, ಅಡಿಕೆ ಬಾಯಲ್ಲಿ ಇಲ್ಲದಿದ್ದರೆ ನಿದ್ದೆ ಬರುತ್ತಿತ್ತಂತೆ. ಬಾಯಿ ಪೂರ್ತಿ ತೆರೆಯಲು ಆಗದಾದಾಗಲೇ ಮಂಗಳೂರಿಗೆ ಹೋದದ್ದು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಖರ್ಚಿನ ಅಂದಾಜು ಕೇಳಿದ ಮಾವ ಮರುದಿನವೇ ಆಟೋಗೆ ಗಿರಾಕಿ ಹುಡುಕತೊಡಗಿದರು.

ಬೆಂಗಳೂರಿನ ಕಿದ್ವಾಯಿಯ ಹೆಸರು ಹೇಳಿದ್ದು ಬೆಳ್ತಂಗಡಿಯ ನಮ್ಮ ಆಶಾ ಕಾರ್ಯಕರ್ತೆ. ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಈ ಸರಕಾರಿ ಆಸ್ಪತ್ರೆ 1973ರಲ್ಲಿ ಶುರುವಾದದ್ದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. “ಬೆಂಗಳೂರಿನಲ್ಲಿ ನನಗೆ ದಿಕ್ಕು ಗೊತ್ತಾಗುವುದಿಲ್ಲ, ನೀನು ಬಾ” ಎಂದರು ಮಾವ. ಮೂಡುಬಿದಿರೆಯಲ್ಲಿ ಬಿ.ಕಾಂ. ಓದುವ ನನಗೇನು ಗೊತ್ತಿತ್ತು? ಆದರೂ ರಾತ್ರಿ ರೈಲು ಹತ್ತಿದೆವು.

ಹೊಸೂರು ರಸ್ತೆಯ ಆ ಆವರಣದಲ್ಲಿ ಮೊದಲ ದಿನ ಕಂಡದ್ದು ಜನ, ಜನ, ಜನ. ರಾಯಚೂರಿನವರು, ಕೋಲಾರದವರು, ಆಂಧ್ರದವರು. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ರೇಷನ್ ಕಾರ್ಡ್, ಆಧಾರ್, ಸ್ಕ್ಯಾನ್ ಫಿಲ್ಮು. ಯಾವ ಕಾಗದಕ್ಕೆ ಯಾವ ಕೌಂಟರ್ ಎಂದು ತಿಳಿಯುವಷ್ಟರಲ್ಲಿ ಮಧ್ಯಾಹ್ನ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು “ಇದೊಂದು ತುಂಬಿಕೊಡಪ್ಪ” ಎಂದು ಅರ್ಜಿ ಚಾಚಿದರು. ಅವರದು ಮುಗಿಯುವಾಗ ಹಿಂದೆ ಇನ್ನಿಬ್ಬರು ನಿಂತಿದ್ದರು. ಸಂಜೆಯ ಹೊತ್ತಿಗೆ ನನ್ನ ಪೆನ್ನಿನ ರೀಫಿಲ್ ಖಾಲಿ!

ಆಪರೇಷನ್ ಆಯಿತು. ಗಾಯ ಒಣಗಿದ ಮೇಲೆ ರೇಡಿಯೇಷನ್‌ಗೆ ಮತ್ತೆ ಹೋದೆವು. ಅದು ವಾರಕ್ಕೆ ಐದು ದಿನದಂತೆ 30 ಸಲ. ಮುಖದ ಅಳತೆಗೆ ಮಾಡಿದ ಪ್ಲಾಸ್ಟಿಕ್ ಮುಖವಾಡ ತೊಡಿಸಿ ಅಲುಗಾಡದಂತೆ ಮಲಗಿಸುತ್ತಾರೆ. ಮಾವ ಅದಕ್ಕೆ “ಯಕ್ಷಗಾನದ ವೇಷ” ಎಂದು ಹೆಸರಿಟ್ಟರು. ಒಳಗಿರುವುದು ಹತ್ತೋ ಹದಿನೈದೋ ನಿಮಿಷ, ಆದರೆ ಅದಕ್ಕಾಗಿ ಊರು ಬಿಟ್ಟು ಆರು ವಾರ ಇರಬೇಕು. ಚಿಕಿತ್ಸೆ ಅಗ್ಗವಾದರೂ ಬಡವರು ಅರ್ಧಕ್ಕೆ ಬಿಟ್ಟು ಓಡಲು ಸಾಧ್ಯವಿರುವುದು ಇಲ್ಲೇ ಎಂದು ನನಗನಿಸಿತು. ಉಳಿಯುವುದೆಲ್ಲಿ, ಊಟ ಏನು, ದುಡಿಮೆ ನಿಂತರೆ ಮನೆ ಹೇಗೆ? ಇನ್ಫೋಸಿಸ್ ಫೌಂಡೇಶನ್ ಆವರಣದಲ್ಲೇ ಕಟ್ಟಿಸಿದ ಧರ್ಮಶಾಲೆ ನಮಗೆ ಆಸರೆಯಾಯಿತು. ಇತ್ತ ಅಮ್ಮ ರಾತ್ರಿ ಹನ್ನೊಂದರವರೆಗೆ ಬೀಡಿ ಕಟ್ಟಿ ಮಾವನ ಮನೆಯ ಅಕ್ಕಿಗೆ ಹಣ ಹೊಂದಿಸಿದರು. ಹೊಗೆಸೊಪ್ಪಿನಿಂದ ಬಂದ ರೋಗಕ್ಕೆ ಹೊಗೆಸೊಪ್ಪಿನದೇ ದುಡ್ಡು! ನಮ್ಮ ತಾಲೂಕುಗಳಲ್ಲಿ ಬೀಡಿ ಬಿಟ್ಟರೆ ಅಮ್ಮನಂಥವರಿಗೆ ಬೇರೆ ಕೆಲಸವಾದರೂ ಎಲ್ಲಿದೆ?

ಮೂರನೇ ವಾರಕ್ಕೆ ಗಂಟಲು ಬೆಂದಂತಾಗಿ ಮಾವ ಊಟ ಬಿಟ್ಟರು. “ಸಾಕು, ಊರಿಗೆ ಹೋಗುವ” ಎಂದು ಹಟ. ಅಮ್ಮ ಕಳಿಸಿದ್ದ ಕುಚ್ಚಲಕ್ಕಿಯನ್ನು ಗಂಜಿ ಮಾಡಿ, ತಿಳಿ ಮಾತ್ರ ಚಮಚದಲ್ಲಿ ಕುಡಿಸಿದೆ. ಹದಿನೆಂಟನೆಯ ದಿನ ತಪ್ಪಿಸಲಿಲ್ಲ, ಹತ್ತೊಂಬತ್ತನೆಯದೂ ತಪ್ಪಲಿಲ್ಲ.

ಒಂದು ವಿಷಯ ನಮಗೆ ತಡವಾಗಿ ತಿಳಿಯಿತು. ವೈದ್ಯರು ನಮೂನೆಯಲ್ಲಿ ಸಹಿ ಹಾಕಿ ಕೊಟ್ಟರೆ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ 75 ಶೇಕಡಾ ರಿಯಾಯಿತಿ. ಮೊದಲ ಸಲ ಪೂರ್ತಿ ಹಣ ಕೊಟ್ಟೇ ಹೋಗಿದ್ದೆವು.

ಈಗ ಮಾವ ತಪಾಸಣೆಗೆ ಮಾತ್ರ ಹೋಗುತ್ತಾರೆ. ಆಟೋ ಮಾರಲಿಲ್ಲ. ಎಲೆ ಅಡಿಕೆಯ ತಟ್ಟೆ ಕಂಡರೆ ಎದ್ದು ಅಂಗಳಕ್ಕೆ ನಡೆಯುತ್ತಾರೆ.

ಮೊನ್ನೆ ವೇಣೂರಿನಿಂದ ಒಬ್ಬರು ಫೋನು ಮಾಡಿದ್ದರು. ಅವರ ಹೆಂಡತಿಗೆ ಎದೆಯಲ್ಲಿ ಗಂಟು. “ನಮಗೆ ಅಲ್ಲಿ ಯಾರೂ ಪರಿಚಯ ಇಲ್ಲ” ಎಂದರು. ಭಾನುವಾರ ರಾತ್ರಿಯ ರೈಲಿಗೆ ಬರುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಸೋಮವಾರ ಇಂಟರ್ನಲ್ಸ್ ಉಂಟು, ಸರ್ ಹತ್ತಿರ ಇನ್ನೂ ಹೇಳಿಲ್ಲ.